ಮೂರನೆಯ ಪ್ರಶ್ನೆಗೆ ಉತ್ತರ ಬಂದಿಲ್ಲ

ಮನಾಮ, ಬಹರೈನ್
12 ಸೆಪ್ಟೆಂಬರ್ 1978

ಮಂಗಳೂರಿನ ಹಲ್ಲಿನ ಡಾಕ್ಟರ್ ಚಿತ್ತರಂಜನ ರೈಗಳಿಗೆ, ಕಡಲಾಚೆಯಿಂದ ಮಹಾಬಲ ಆಳ್ವ ಮಾಡುವ ನಮಸ್ಕಾರ.

ನಿಮಗೆ ನನ್ನ ಗುರುತಿಲ್ಲ. ನಿಮ್ಮ ವಿಳಾಸ ಕೊಟ್ಟದ್ದು ಬೋಳಾರದಲ್ಲಿರುವ ನನ್ನ ತಂಗಿ ಗುಣವತಿ. ನೀವು ಅವಳ ದವಡೆ ಹಲ್ಲು ತೆಗೆದದ್ದು ಅವಳಿಗೆ ಗೊತ್ತೇ ಆಗಲಿಲ್ಲವಂತೆ. ಅವಳು ಸುಲಭದಲ್ಲಿ ಯಾರನ್ನೂ ಹೊಗಳುವವಳಲ್ಲ. ಆದ್ದರಿಂದ ನಂಬಿದೆ.

ನಾನು ಇಲ್ಲಿ ಒಂದು ಕಂಪೆನಿಯ ಮೆಸ್ಸಿನಲ್ಲಿ ದೊಡ್ಡ ಅಡುಗೆಯವ. ಏಳು ವರ್ಷವಾಯಿತು. ದಿನಕ್ಕೆ ನೂರ ನಲುವತ್ತು ಮಂದಿಗೆ ಊಟ. ವಯಸ್ಸು ಐವತ್ತೊಂದು. ಮೇಲಿನ ಸಾಲಿನಲ್ಲಿ ಆರು ಹಲ್ಲು ಉಳಿದಿವೆ, ಆರೂ ಅಲ್ಲಾಡುತ್ತವೆ. ಕೆಳಗಿನವು ಒಂಬತ್ತು, ಅವುಗಳಲ್ಲಿಯೂ ಹೆಚ್ಚಿನವು ಹೊರಡುವ ಅಂದಾಜಿನಲ್ಲಿವೆ. ಶುಕ್ರವಾರ ಕೋರಿರೊಟ್ಟಿ ಮಾಡಿ ಎಲ್ಲರಿಗೂ ಬಡಿಸುವವನು ನಾನು. ಅವರು ಕರುಂಕುರುಂ ಎಂದು ತಿನ್ನುವಾಗ ನನ್ನ ರೊಟ್ಟಿಯನ್ನು ಅರ್ಧ ಗಂಟೆ ಸಾರಿನಲ್ಲಿ ನೆನೆಸಿ ನುಂಗುವವನೂ ನಾನೇ.

ಇಷ್ಟರ ತನಕ ಹೇಗೋ ನಡೆಯಿತು. ಈಗ ತಂಗಿಯ ಮಗಳು ಆಶಾಲತಾಳ ಮದುವೆ ನಿಶ್ಚಯವಾಗಿದೆ, ಬರುವ ಮೇ ಹತ್ತಕ್ಕೆ. ನಮ್ಮಲ್ಲಿಯ ಕ್ರಮ ನಿಮಗೆ ಗೊತ್ತೇ ಇದೆ. ಹುಡುಗಿಯ ತಾಯಿಕಡೆಯ ಕುಲ, ಅಂದರೆ ಬಳಿ ಯಾವುದು, ಮನೆ ಯಾವುದು, ಹೆಸರೇನು ಎಂದು ಹತ್ತು ಸಮಸ್ತರ ಮುಂದೆ ಹೇಳಿ ಕೊಡುವ ಮಾತು ಸೋದರಮಾವನ ಬಾಯಿಯಿಂದ ಬರಬೇಕು. ಅಪ್ಪ ಇದ್ದರೂ ಅದು ಮಾವನದ್ದೇ. ಈ ಹುಡುಗಿಗೆ ಅಪ್ಪನೂ ಇಲ್ಲ. ಚಪ್ಪರದ ಕೊನೆಯ ಸಾಲಿಗೆ ಕೇಳದಿದ್ದರೆ ಕೊಟ್ಟ ಹಾಗಾಗಲಿಲ್ಲ ಎಂದು ನನ್ನ ಮಾವ ಹೇಳುತ್ತಿದ್ದರು. ನನ್ನ ಬಾಯಿಯಲ್ಲಿ ಈಗ ಮಾತಿಗಿಂತ ಗಾಳಿ ಹೆಚ್ಚು.

ಏಪ್ರಿಲ್ ನಡುವಿನಿಂದ ನಲುವತ್ತು ದಿನ ರಜೆ. ಅಷ್ಟರಲ್ಲಿ ಎಲ್ಲ ಹಲ್ಲು ತೆಗೆದು ಹೊಸ ಸೆಟ್ಟು ಇಡಲು ಆಗುತ್ತದೆಯೇ? ಇಟ್ಟ ಎಷ್ಟನೆಯ ದಿನಕ್ಕೆ ಮಾತು ಸರಿ ಬರುತ್ತದೆ? ರೊಟ್ಟಿ ಕಚ್ಚಬಹುದೇ? ಬಣ್ಣ ತೀರ ಬೆಳ್ಳಗೆ ಬೇಡ, ಮದುಮಗನನ್ನು ಬಿಟ್ಟು ಜನ ನನ್ನನ್ನೇ ನೋಡುವ ಹಾಗೆ ಆಗಬಾರದು. ನನ್ನ ಕೋಣೆಯಲ್ಲಿರುವ ತಾರಾನಾಥ ಬೊಂಬಾಯಿಯಲ್ಲಿ ಆರೇ ದಿನದಲ್ಲಿ ಮಾಡಿಸಿ ಬಂದಿದ್ದಾನೆ. ನಿಮ್ಮಲ್ಲಿ ಎಷ್ಟು ದಿನ?

ದಯವಿಟ್ಟು ಬೇಗ ತಿಳಿಸಬೇಕು.

ಮಹಾಬಲ ಆಳ್ವ


ಮಂಗಳೂರು
3 ಅಕ್ಟೋಬರ್ 1978

ಶ್ರೀ ಮಹಾಬಲ ಆಳ್ವರಿಗೆ,

ನಮ್ಮ ಡಾಕ್ಟರರ ಅಕ್ಷರ ಔಷಧದ ಅಂಗಡಿಯವರಿಗೆ ಮಾತ್ರ ಓದಲು ಬರುತ್ತದೆ. ಆದ್ದರಿಂದ ಕ್ಲಿನಿಕ್ಕಿನ ಕಾಗದಗಳಿಗೆಲ್ಲ ಉತ್ತರ ಬರೆಯುವವಳು ನಾನು. ಹೇಳಿದ್ದು ಅವರು, ಬರೆದದ್ದು ನಾನು ಎಂದು ತಿಳಿದುಕೊಳ್ಳಿ.

ನೀವು ಕೇಳಿದ ಪ್ರಶ್ನೆಗಳಲ್ಲಿ ತಪ್ಪಿಲ್ಲ. ಆದರೆ ಕಡಲು ದಾಟಿ ಹಲ್ಲು ಮಾಡಿಸಲು ಹೋಗುವವರು ಕೇಳಬೇಕಾದದ್ದು ಬೇರೆ ಎಂದು ಡಾಕ್ಟರರ ಅಭಿಪ್ರಾಯ. ನಮ್ಮನ್ನು ಮಾತ್ರ ಅಲ್ಲ, ಬೊಂಬಾಯಿಯವರನ್ನೂ ಇದನ್ನೇ ಕೇಳಿ. ಕೆಲಸ ಮಾಡುವುದು ಯಾರು, ಬೋರ್ಡಿನಲ್ಲಿ ಹೆಸರಿರುವ ಡಾಕ್ಟರೋ, ಅವರ ಕೈಕೆಳಗಿನವರೋ? ಎಕ್ಸ್‌ರೇ ನೋಡಿ ಯಾವ ಹಲ್ಲು ಉಳಿಸಬಹುದು ಎಂದು ಹೇಳುತ್ತೀರೋ, ನೋಡುವ ಮೊದಲೇ ಎಲ್ಲ ತೆಗೆಯಬೇಕು ಎನ್ನುತ್ತೀರೋ? ತೆಗೆದ ಮೇಲೆ ವಸಡು ಒಣಗಲು ಎಷ್ಟು ಸಮಯ ಬಿಡುತ್ತೀರಿ? ಒಟ್ಟು ಎಷ್ಟು ಸಲ ಬರಬೇಕು? ಎಲ್ಲಕ್ಕಿಂತ ದೊಡ್ಡದು, ನಾನು ವಾಪಸು ಹೋದ ಮೇಲೆ ಸೆಟ್ಟು ಸಡಿಲವಾದರೆ, ಬಾಯಿ ಹುಣ್ಣಾದರೆ, ಅಲ್ಲಿ ನೋಡುವವರು ಯಾರು? ಇಷ್ಟಕ್ಕೂ ಸೇರಿ ‘ಎಲ್ಲ ಆಗುತ್ತದೆ, ಬನ್ನಿ’ ಎಂದು ಒಂದೇ ಉತ್ತರ ಬಂದರೆ ಹೋಗಬೇಡಿ. ನಮ್ಮಿಂದ ಹಾಗೆ ಉತ್ತರ ಬಂದರೂ ಬರಬೇಡಿ.

ಇನ್ನು ನಮ್ಮ ಉತ್ತರ. ಕೆಲಸ ಡಾಕ್ಟರರೇ ಮಾಡುತ್ತಾರೆ. ಹಲ್ಲು ತೆಗೆದ ಮೇಲೆ ವಸಡು ಕುಗ್ಗುತ್ತಾ ಹೋಗುತ್ತದೆ. ಕಡಿಮೆಯೆಂದರೂ ಮೂರು ತಿಂಗಳು, ಆರಾದರೆ ಒಳ್ಳೆಯದು. ಆರು ದಿನದಲ್ಲಿ ಮಾಡಿದ ಸೆಟ್ಟು ಆರನೆಯ ದಿನದ ಬಾಯಿಗೆ ಸರಿಯಾಗಿರುತ್ತದೆ, ಆರನೆಯ ತಿಂಗಳ ಬಾಯಿಗೆ ಅಲ್ಲ. ಆದ್ದರಿಂದ ತೆಗೆಸಬೇಕಾದ ಹಲ್ಲನ್ನು ಅಲ್ಲಿಯ ಆಸ್ಪತ್ರೆಯಲ್ಲಿ ಈ ವರ್ಷದ ಒಳಗೆ ತೆಗೆಸಿ, ಏಪ್ರಿಲಿನಲ್ಲಿ ಇಲ್ಲಿಗೆ ಬನ್ನಿ. ಮೂರು ವಾರದಲ್ಲಿ ಐದಾರು ಸಲ ಬಂದರೆ ಸೆಟ್ಟು ಆದೀತು. ದಿನಾ ಪೇಪರನ್ನು ಗಟ್ಟಿಯಾಗಿ ಓದಿದರೆ ಒಂದು ವಾರಕ್ಕೆ ಮಾತು ಕೂರುತ್ತದೆ.

ಅದಕ್ಕೆ ಮೊದಲು ನೀವು ನಮಗೆ ತಿಳಿಸಬೇಕಾದದ್ದು. ಒಂದು, ಹೊಸ ಎಕ್ಸ್‌ರೇ. ಎರಡು, ಯಾವ ಹಲ್ಲು ಯಾವಾಗ, ಹೇಗೆ ಹೋಯಿತು. ಮೂರು, ಸಕ್ಕರೆ ಕಾಯಿಲೆ ಇದೆಯೇ, ಪರೀಕ್ಷೆ ಮಾಡಿಸಿದ್ದೀರಾ. ನಾಲ್ಕು, ರಕ್ತದ ಒತ್ತಡ, ಹೃದಯದ ತೊಂದರೆ. ಐದು, ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯೇ. ಆರು, ಬೀಡಿ, ಎಲೆಯಡಿಕೆ.

ಎಸ್ತೆರ್ ಜತ್ತನ್ನ
ಡಾಕ್ಟರರ ಪರವಾಗಿ


ಮನಾಮ
29 ಅಕ್ಟೋಬರ್ 1978

ಎಸ್ತೆರಮ್ಮನವರಿಗೆ,

ನಿಮ್ಮ ಪ್ರಶ್ನೆಗಳನ್ನು ಹಾಗೆಯೇ ನಕಲು ಮಾಡಿ ಬೊಂಬಾಯಿಗೆ ಕಳುಹಿಸಿದೆ. ಉತ್ತರ ಬಂತು. ‘ಎಲ್ಲ ಆಗುತ್ತದೆ, ಬನ್ನಿ’ ಎಂದು ಇಂಗ್ಲಿಷಿನಲ್ಲಿತ್ತು. ತಾರಾನಾಥನಿಗೆ ಓದಿ ಹೇಳಿದೆ. ಅವನು ನಗಲಿಲ್ಲ. ಅವನ ಸೆಟ್ಟು ಈಗ ಹೆಚ್ಚಾಗಿ ಗ್ಲಾಸಿನಲ್ಲಿಯೇ ಇರುತ್ತದೆ. ಮೊನ್ನೆ ಸೀನಿದಾಗ ಅದು ಹಾರಿ ಬೇಳೆಸಾರಿಗೆ ಬಿತ್ತು. “ಬೊಂಬಾಯಿಯ ಟಿಕೆಟು ತೆಗೆದು ಹೋಗಿ ಸರಿಮಾಡಿಸ್ಲಿಕ್ಕೆ ಆಗ್ತದಾ ಮಾರಾಯ,” ಎಂದು ನನ್ನನ್ನೇ ಕೇಳಿದ.

ಎಕ್ಸ್‌ರೇ ಇದರೊಂದಿಗೆ ಇದೆ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಕೆಲಸ ಮುಗಿಸಿ ಓದಿ.

ನನ್ನ ಹಳ್ಳಿ ನೇತ್ರಾವತಿಯ ಆಚೆ, ತೊಕ್ಕೊಟ್ಟಿನಿಂದ ಇನ್ನೂ ಒಳಗೆ. ಆಗ ರಸ್ತೆಯ ಸೇತುವೆ ಇರಲಿಲ್ಲ. ಹನ್ನೊಂದನೆಯ ವರ್ಷದಲ್ಲಿ ನನ್ನನ್ನು ದೋಣಿ ಹತ್ತಿಸಿ ಬೋಳಾರದ ದೊಡ್ಡಮ್ಮನ ಮನೆಗೆ ಶಾಲೆಗೆಂದು ಕಳುಹಿಸಿದರು. ಹೊಳೆಯ ದಡದಲ್ಲಿ ಹಂಚಿನ ಕಾರ್ಖಾನೆ, ಧಕ್ಕೆಯಲ್ಲಿ ಹಂಚು ತುಂಬಿಸುವ ಮಚ್ವೆ ದೋಣಿಗಳು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಮಗೆ ಅಲ್ಲಿಯೇ ಕೆಲಸ. ಒಂದು ದಿನ ಬೂಬ ಎಂಬವನಿಗೂ ನನಗೂ ಪಂಥ ಬಿತ್ತು. ಹಂಚಿಗೆ ಹಗ್ಗ ಕಟ್ಟಿ, ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎತ್ತಬೇಕು. ಬೂಬ ಮೂರು ಎತ್ತಿದ. ನಾನು ನಾಲ್ಕು ಎತ್ತಿದೆ. “ಐದು ಎತ್ತು ನೋಡುವ,” ಎಂದು ಮಚ್ವೆಯವರೂ ಬಂದು ನಿಂತರು. ಐದನೆಯದು ಕಟ್ಟಿ ಎತ್ತಿದಾಗ ಹಂಚು ನೆಲದಲ್ಲಿಯೇ ಉಳಿಯಿತು, ಹಲ್ಲು ಹೋಯಿತು. ಆ ಮುಂದಿನ ಹಲ್ಲನ್ನು ನೀವು ಎಕ್ಸ್‌ರೇಯಲ್ಲಿ ಹುಡುಕಬೇಡಿ, ಅದು ಹೊಳೆಯಲ್ಲಿ ಉಂಟು. ಉಳಿದವು ಕಳೆದ ನಾಲ್ಕು ವರ್ಷಗಳಲ್ಲಿ ಒಂದೊಂದಾಗಿ, ಯಾವ ಪಂಥವೂ ಇಲ್ಲದೆ ಹೋದವು.

ನಾಲ್ಕನೆಯದು, ಒತ್ತಡ ಸರಿಯಾಗಿದೆ. ಐದನೆಯದು, ಅಡುಗೆಮನೆಯಲ್ಲಿ ಬೆರಳು ಕೊಯ್ದುಕೊಳ್ಳುತ್ತಾ ಇರುತ್ತೇನೆ, ರಕ್ತ ನಿಲ್ಲುತ್ತದೆ. ಆರನೆಯದು, ಬೀಡಿ ಇಲ್ಲ. ಎಲೆಯಡಿಕೆ ಇಲ್ಲಿ ಸಿಗುವುದು ಅಪರೂಪ, ಸಿಕ್ಕಿದರೆ ಬಿಡುವುದಿಲ್ಲ.

ಮಹಾಬಲ ಆಳ್ವ


ಮಂಗಳೂರು
20 ನವೆಂಬರ್ 1978

ಶ್ರೀ ಮಹಾಬಲ ಆಳ್ವರಿಗೆ,

ಡಾಕ್ಟರರು ನಿಮ್ಮ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಕೆಳಗಿನ ನಾಲ್ಕು ಉಳಿಯುತ್ತವೆ, ಅವುಗಳಿಗೆ ಕೈ ಹಚ್ಚಲು ಬಿಡಬೇಡಿ ಎಂದಿದ್ದಾರೆ. ಅವುಗಳ ಗುರುತು ಹಾಕಿದ ಚಿತ್ರ ಇದರ ಒಳಗಿದೆ, ಅಲ್ಲಿಯ ಡಾಕ್ಟರರಿಗೆ ತೋರಿಸಿ. ಮತ್ತೆ ಹೇಳಿದರು, “ಈ ಪ್ರಾಯಕ್ಕೆ ಇಷ್ಟು ಹಲ್ಲು ಒಟ್ಟಿಗೆ ಅಲ್ಲಾಡ್ಬೇಕಾದ್ರೆ ಎಂತದೋ ಕಾರಣ ಉಂಟು. ಕೇಳಿ ಅವರನ್ನು.”

ಕೇಳುವುದಕ್ಕೆ ಹೊಸದು ಏನೂ ಇಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಬಂದಿಲ್ಲ. ಎರಡನೆಯದರ ಉತ್ತರ ಎರಡು ಪುಟ ಆದದ್ದರಿಂದ ಮರೆತು ಹೋಗಿರಬಹುದು.

ನನ್ನ ತಂದೆ ಅದೇ ದಡದ ಹಂಚಿನ ಕಾರ್ಖಾನೆಯಲ್ಲಿ ಮಚ್ವೆಗೆ ಹಂಚು ಹೇರುತ್ತಿದ್ದರು. ಹಲ್ಲಿನಲ್ಲಿ ಹಂಚು ಎತ್ತಿದ ಹುಡುಗನ ಕಥೆಯನ್ನು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಹೇಳುತ್ತಿದ್ದರು. ಅವರು ಹೇಳುವಾಗ ಹಂಚು ಎಂಟು, ಹೋದ ಹಲ್ಲು ಮೂರು. ಹುಡುಗ ಅಳದೆ ಶಾಲೆಯ ಪಾಠ ಒಪ್ಪಿಸಿದನಂತೆ. ಆ ಹುಡುಗ ನಿಜವಾಗಿ ಇದ್ದ ಎಂದು ನನಗೆ ಈಗ ಗೊತ್ತಾಯಿತು.

ಎಸ್ತೆರ್ ಜತ್ತನ್ನ


ಮನಾಮ
14 ಡಿಸೆಂಬರ್ 1978

ಎಸ್ತೆರಮ್ಮ,

ಅಳದೆ ಇದ್ದದ್ದು ಸುಳ್ಳು. ಧಕ್ಕೆಯಿಂದ ದೊಡ್ಡಮ್ಮನ ಮನೆಯ ತನಕ ಅತ್ತೆ. ಆಗ ಒಬ್ಬರು ಹಂಚಿನ ಕೆಂಪು ದೂಳು ಮೆತ್ತಿದ ಬೈರಾಸಿನಿಂದ ನನ್ನ ಬಾಯಿ ಒರಸಿ, ಹೊಳೆಯ ನೀರಿನಲ್ಲಿ ಮುಕ್ಕಳಿಸಲು ಹೇಳಿದ್ದರು. ಉಪ್ಪು ನೀರು. ಕಡಲು ಹೊಳೆಗೆ ಏರಿ ಬರುವ ಭರತದ ಹೊತ್ತು. ನಿಮ್ಮ ತಂದೆಯೇ ಆಗಿರಬಹುದು, ಆಗದೆಯೂ ಇರಬಹುದು. ಅವರೇ ಎಂದು ಇಟ್ಟುಕೊಳ್ಳುತ್ತೇನೆ.

ಇಲ್ಲಿಯೂ ಕಡಲು ಇದೆ. ಆದರೆ ಇಲ್ಲಿಯ ಕಡಲಿಗೆ ಹೊಳೆ ಬಂದು ಸೇರುವುದಿಲ್ಲ. ಬೋಳಾರದಲ್ಲಿ ಸಂಜೆ ನೀರು ಏರುವಾಗ ಬರುತ್ತಿದ್ದ ವಾಸನೆ, ಕೆಸರು, ಒಣಮೀನು, ಸುಟ್ಟ ಮಣ್ಣು ಎಲ್ಲ ಸೇರಿದ್ದು, ಅದು ನೆನಪಾದರೆ ಕೈಯಲ್ಲಿದ್ದ ಸೌಟು ಹಾಗೆಯೇ ನಿಲ್ಲುತ್ತದೆ. ಕಾರ್ಖಾನೆಯ ಕೂಗು ಕೇಳಿದರೆ ದೊಡ್ಡಮ್ಮ ಒಲೆಯ ಮೇಲೆ ಗಂಜಿ ಇಡುತ್ತಿದ್ದರು. ಈಗಲೂ ಕೂಗುತ್ತದೆಯೇ?

ಜನವರಿ ಹದಿನೈದಕ್ಕೆ ಹಲ್ಲು ತೆಗೆಸುತ್ತೇನೆ. ಕಂಪೆನಿಯ ಆಸ್ಪತ್ರೆಗೆ ಹೋಗುವುದಿಲ್ಲ. ಅಲ್ಲಿ ಎಲ್ಲದಕ್ಕೂ ಕಾರ್ಡು ಬರೆಯುತ್ತಾರೆ, ಅದನ್ನೂ ಇದನ್ನೂ ಪರೀಕ್ಷೆ ಮಾಡುತ್ತಾರೆ. ಮಾರ್ಕೆಟ್ಟಿನ ಹತ್ತಿರ ಒಬ್ಬ ಇದ್ದಾನೆ, ಒಂದೇ ದಿನದಲ್ಲಿ ಹನ್ನೊಂದನ್ನೂ ತೆಗೆಯುತ್ತಾನಂತೆ. ನಿಮ್ಮ ನಾಲ್ಕನ್ನು ಉಳಿಸಲು ಹೇಳುತ್ತೇನೆ. ಬಾಕಿ ಪ್ರಶ್ನೆಗಳನ್ನು ಊರಿಗೆ ಬಂದ ಮೇಲೆ ಮುಖಾಮುಖಿ ಮಾತಾಡೋಣ.

ಮಹಾಬಲ


ಮಂಗಳೂರು
29 ಡಿಸೆಂಬರ್ 1978

ಮಹಾಬಲ ಆಳ್ವರಿಗೆ,

ಈ ಕಾಗದಕ್ಕಿಂತ ಮೊದಲು ನನ್ನ ತಂತಿ ಮುಟ್ಟಿರಬೇಕು. ಹಲ್ಲು ತೆಗೆಸಬೇಡಿ ಎಂದು ಅದರಲ್ಲಿ ಬರೆದಿದ್ದೆ. ಕಾರಣ ಬರೆಯಲು ತಂತಿಯಲ್ಲಿ ಜಾಗ ಇರುವುದಿಲ್ಲ.

ಈ ಮೇಜಿನ ಹಿಂದೆ ಕೂತು ನನಗೆ ಹತ್ತೊಂಬತ್ತು ವರ್ಷ. ಸಕ್ಕರೆ ಕಾಯಿಲೆಯ ಆ ಮೂರನೆಯ ಪ್ರಶ್ನೆಯನ್ನು ಕ್ಲಿನಿಕ್ಕಿನ ಕಾಗದದಲ್ಲಿ ಸೇರಿಸಿದವಳು ನಾನು. ಇಲ್ಲ ಎನ್ನುವವರು ಇಲ್ಲ ಎಂದು ಬರೆಯುತ್ತಾರೆ. ಗೊತ್ತಿಲ್ಲದವರು ಗೊತ್ತಿಲ್ಲ ಎಂದು ಬರೆಯುತ್ತಾರೆ. ಖಾಲಿ ಬಿಡುವವರಿಗೆ ಉತ್ತರ ಗೊತ್ತಿರುತ್ತದೆ.

ನನ್ನ ತಂದೆಗೂ ಗೊತ್ತಿತ್ತು. ಕಾರ್ಖಾನೆಯವರಿಗೆ ತಿಳಿದರೆ ಹೇರುವ ಕೆಲಸದಿಂದ ತೆಗೆಯುತ್ತಾರೆ ಎಂದು ಯಾರಿಗೂ ಹೇಳಲಿಲ್ಲ. 1951ನೆಯ ಇಸವಿಯಲ್ಲಿ ಒಂದೇ ಒಂದು ದವಡೆ ಹಲ್ಲು ತೆಗೆಸಲು ಪೇಟೆಯಲ್ಲಿ ಕೂರುತ್ತಿದ್ದ ಒಬ್ಬನ ಹತ್ತಿರ ಹೋದರು. ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಗಾಯ ಒಣಗಲಿಲ್ಲ. ಕೆನ್ನೆ ಬಾತಿತು, ಮತ್ತೆ ಕುತ್ತಿಗೆ. ಒಂಬತ್ತನೆಯ ದಿನ ತೀರಿಕೊಂಡರು. ನನಗೆ ಆಗ ಹದಿನೇಳು. ಒಂದು ಹಲ್ಲಿಗೆ ಹಾಗಾಯಿತು. ನೀವು ಒಂದೇ ದಿನದಲ್ಲಿ ಹನ್ನೊಂದು ಎಂದು ಬರೆದಿದ್ದೀರಿ.

ನಿಮ್ಮ ಬಾಯಿ ಒರಸಿದವರು ಅವರೇ ಎಂದು ಇಟ್ಟುಕೊಂಡದ್ದು ನಿಜವಾದರೆ, ಇದಕ್ಕೆ ಉತ್ತರ ಕೊಡಿ. ಅಲ್ಲಿಯ ತನಕ ಯಾರ ಎದುರಿನಲ್ಲಿಯೂ ಬಾಯಿ ತೆರೆಯಬೇಡಿ.

ಎಸ್ತೆರ್ ಜತ್ತನ್ನ


ಮನಾಮ
20 ಜನವರಿ 1979

ಎಸ್ತೆರಮ್ಮ,

ತಂತಿ ಬಂದಾಗ ತಾರಾನಾಥ ಊರಿನಲ್ಲಿ ಯಾರೋ ಹೋದರು ಎಂದುಕೊಂಡು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. ಹಲ್ಲು ತೆಗೆಸಲಿಲ್ಲ. ನಿಮ್ಮ ಕಾಗದ ಬಂದು ಆರು ದಿನ ಆಯಿತು. ಐದು ದಿನ ಬರೆಯಲು ಕೂತು ಎದ್ದೆ.

ಉಂಟು. ಐದು ವರ್ಷದಿಂದ ಉಂಟು. ಒಬ್ಬ ಖಾಸಗಿ ಡಾಕ್ಟರು ಹೇಳಿ ಮಾತ್ರೆ ಕೊಟ್ಟಿದ್ದರು. ಮೊದಲೆರಡು ವರ್ಷ ತಿಂದೆ, ಮತ್ತೆ ಮನಸ್ಸಾದಾಗ ತಿಂದೆ. ಅಡುಗೆಯವ ಪಾಯಸದ ರುಚಿ ನೋಡದೆ ಬಡಿಸುವುದು ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೇಳದಿರುವುದಕ್ಕೆ ಕಾರಣ ಕೆಲಸ ಅಲ್ಲ. ನಮ್ಮಲ್ಲಿ ಕುಟುಂಬ ಇಳಿಯುವುದು ಹೆಂಗಸಿನ ಕಡೆಯಿಂದ. ಆಸ್ತಿ ಹಾಗೆ ಬಂತು, ಬಳಿ ಹಾಗೆ ಬಂತು, ಕಾಯಿಲೆಯೂ ಹಾಗೆಯೇ ಎಂದು ಜನರ ಲೆಕ್ಕ. ಹುಡುಗಿಯ ಮೈಯಲ್ಲಿ ಎಂತ ಉಂಟು ಎಂದು ತಿಳಿಯಲು ಹುಡುಗಿಯನ್ನು ನೋಡುವುದಿಲ್ಲ, ಅವಳ ಸೋದರಮಾವನನ್ನು ನೋಡುತ್ತಾರೆ. ನಿಶ್ಚಯದ ಮಾತಿಗೆ ಬಂದಾಗ ಹುಡುಗನ ಸೋದರಮಾವ ಲೋಕನಾಥ ರೈಗಳು ಗುಣವತಿಯ ಹತ್ತಿರ ಕೇಳಿದ ಮೊದಲ ಪ್ರಶ್ನೆ, “ಬಹರೈನಿನ ಅಣ್ಣ ಆರೋಗ್ಯವಾ?” ಅವಳಿಗೂ ಗೊತ್ತಿಲ್ಲ, “ಕಲ್ಲಿನ ಹಾಗೆ ಇದ್ದಾರೆ,” ಎಂದಳಂತೆ. ನಿಮ್ಮ ಡಾಕ್ಟರರೂ ರೈಗಳು, ಅವರೂ ರೈಗಳು. ನನ್ನ ಒಂದು ಗೆರೆ ಉತ್ತರ ಮಂಗಳೂರಿನಲ್ಲಿ ಎಲ್ಲೆಲ್ಲಿ ಹೋಗಿ ನಿಂತೀತು ಎಂದು ಹೆದರಿದೆ. ಆಶಾ ಆರು ತಿಂಗಳ ಮಗು ಇರುವಾಗ ಅವಳ ಅಪ್ಪ ಹೋದರು. ಅವಳ ಚಪ್ಪರ ನನ್ನಿಂದಾಗಿ ಬೀಳಬಾರದು.

ಈಗ ಬರೆದಾಯಿತು. ನೀವು ಎಂತ ಮಾಡಬೇಕೋ ಮಾಡಿ.

ಮಹಾಬಲ


ಮಂಗಳೂರು
8 ಫೆಬ್ರವರಿ 1979

ಮಹಾಬಲ ಆಳ್ವರಿಗೆ,

ಮೊದಲು ನಿಮ್ಮ ಹೆದರಿಕೆಯ ವಿಷಯ. ಡಾಕ್ಟರರು ಹುಡುಗನ ಮನೆಯವರಿಗೆ ದೂರದ ಸಂಬಂಧ ಹೌದು. ಮದುವೆಯ ಕಾಗದವೂ ಅವರಿಗೆ ಬರುತ್ತದೆ. ನಿಮ್ಮ ಕಾಗದ ಕೊಡುವ ಮೊದಲೇ, ಇದು ಹೊರಗೆ ಹೋಗುವುದಿಲ್ಲವಲ್ಲ ಎಂದು ಅವರ ಹತ್ತಿರ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, “ಎಸ್ತೆರ್, ನಾನು ಅರ್ಧ ಮಂಗಳೂರಿನ ಬಾಯಿ ನೋಡಿದ್ದೇನೆ. ಯಾರದ್ದಾದ್ರೂ ಹೊರಗೆ ಹೇಳಿದ್ದುಂಟಾ?” ಎಂದರು. ಇಲ್ಲ. ನಿಮ್ಮ ಕಾಗದ ಬೀಗದ ಒಳಗಿದೆ.

ಇನ್ನು ಕಷ್ಟದ ವಿಷಯ. ಕಂಪೆನಿಯ ಆಸ್ಪತ್ರೆಗೇ ಹೋಗಿ, ಎಲ್ಲ ಹೇಳಿ. ಸಕ್ಕರೆ ಹತೋಟಿಗೆ ಬಂದಿದೆ ಎಂದು ಅಲ್ಲಿಯ ಡಾಕ್ಟರರು ಬರೆದು ಕೊಟ್ಟ ಮೇಲೆ ಹಲ್ಲು ತೆಗೆಸಬೇಕು, ಒಂದೇ ದಿನ ಅಲ್ಲ, ಮೂರು ಸಲಕ್ಕೆ. ಅಷ್ಟಾಗುವಾಗ ಮಾರ್ಚ್ ಕಳೆಯುತ್ತದೆ. ಅಕ್ಟೋಬರಿನಲ್ಲಿ ನೀವು ಉತ್ತರ ಕೊಟ್ಟಿದ್ದರೆ ಮೇ ತಿಂಗಳಿಗೆ ಸೆಟ್ಟು ಆಗುತ್ತಿತ್ತು. ಈಗ ಆಗುವುದಿಲ್ಲ. ಕಾಣುವುದಕ್ಕೆ ಮಾತ್ರ ತಾತ್ಕಾಲಿಕ ಒಂದು ಮಾಡಬಹುದೇ ಎಂದು ಕೇಳಿದೆ. ಹಸಿ ವಸಡಿನ ಮೇಲೆ ಅದು ತಿಕ್ಕಿ ಹುಣ್ಣಾದರೆ ನಿಮ್ಮ ಮೈಯಲ್ಲಿ ಮಾಯುವುದು ಕಷ್ಟ, ನಾನು ಮಾಡುವುದಿಲ್ಲ ಎಂದರು. ಮದುವೆಯ ದಿನ ನೀವು ಬರಿಯ ಬಾಯಿಯಲ್ಲಿ ನಿಲ್ಲಬೇಕು. ಇದನ್ನು ಮೆತ್ತಗೆ ಮಾಡಿ ಬರೆಯಲು ನನಗೆ ಬರಲಿಲ್ಲ.

ಇದು ಕ್ಲಿನಿಕ್ಕಿನ ಮಾತಲ್ಲ, ನನ್ನದು. ಹೇಳಬೇಕಾದವರಿಗೆ ನೀವೇ ಹೇಳಿದರೆ ಅದು ಸುದ್ದಿ ಆಗುವುದಿಲ್ಲ.

ಕಾರ್ಖಾನೆಯ ಕೂಗು ಈಗಲೂ ಇದೆ. ನೀವು ಕೇಳಿದ್ದಿರಿ, ನಾನು ಆಗ ಸಿಟ್ಟಿನಲ್ಲಿದ್ದೆ.

ಎಸ್ತೆರ್


ಬೋಳಾರ, ಮಂಗಳೂರು
18 ಮಾರ್ಚ್ 1979

ಅಣ್ಣನಿಗೆ ಗುಣವತಿ ಬರೆಯುವುದು,

ನೀನು ಲೋಕನಾಥ ರೈಗಳಿಗೆ ಕಾಗದ ಹಾಕಿದ್ದಿಯಂತೆ. ನನಗೆ ಒಂದು ಮಾತು ಹೇಳಬೇಡವಾ? ಎಂತ ಬರೆದದ್ದು ನೀನು? ಮದುವೆಯ ಕಾಗದ ಪ್ರಿಂಟಿಗೆ ಕೊಟ್ಟಾಗಿದೆ, ಚಪ್ಪರದವನಿಗೆ ಹೇಳಿಯಾಗಿದೆ. ಮೊನ್ನೆ ಅವರು ಇಲ್ಲಿಗೆ ಬಂದರು. ಕೂತರು. ಮಂಗಳಾದೇವಿಗೆ ಹೋಗಿ ಬಂದೆ ಎಂದರು. ಸೆಕೆ ಎಂದರು. ನಾನು ಒಳಗೆ ಹೋಗಿ ಬಾಳೆಹಣ್ಣಿನ ಹಲ್ವ ತರುವಷ್ಟರಲ್ಲಿ ಎದ್ದು ನಿಂತಿದ್ದರು. “ನಿಮ್ಮ ಅಣ್ಣ ಯಾವ ದಿನ ಬರ್ತಾರೆ?” ಎಂದು ಕೇಳಿದರು, ಅಷ್ಟೇ. ಹಲ್ವ ಮುಟ್ಟಲಿಲ್ಲ. ಇಲ್ಲಿಗೆ ಬಂದು ನನ್ನ ಹಲ್ವ ಮುಟ್ಟದೆ ಹೋದವರು ಯಾರೂ ಇಲ್ಲ.

ಆಶಾಳಿಗೆ ಹೇಳಿದರೆ, “ಮಾವ ಬರೆದದ್ದು ಸರಿಯೇ ಇರ್ತದೆ, ನೀನು ಹಲ್ವ ತಿನ್ನು,” ಎನ್ನುತ್ತಾಳೆ. ನೀನೇ ಅವಳನ್ನು ತಲೆಗೆ ಹತ್ತಿಸಿದ್ದು.

ಕೂಡಲೇ ಬರೆ. ಬರೆಯದಿದ್ದರೆ ನೀನು ಬಂದಾಗ ಬಾಗಿಲು ತೆಗೆಯುವುದಿಲ್ಲ.

ಗುಣವತಿ


ಮನಾಮ
4 ಏಪ್ರಿಲ್ 1979

ಎಸ್ತೆರಮ್ಮ,

ಆಸ್ಪತ್ರೆಯಲ್ಲಿ ಕಾರ್ಡು ಬರೆದರು. ಕೆಲಸ ಹೋಗಲಿಲ್ಲ. ಪಾಯಸದ ರುಚಿ ನೋಡಲು ಈಗ ತಾರಾನಾಥನನ್ನು ಇಟ್ಟಿದ್ದೇನೆ, ಅವನಿಗೆ ಅದು ಸಂತೋಷದ ಕೆಲಸ. ಸಕ್ಕರೆ ಇಳಿಯಿತು. ಮೂರು ಸಲಕ್ಕೆ ಹನ್ನೊಂದೂ ತೆಗೆದರು. ಗಾಯ ನಿಧಾನಕ್ಕೆ, ಆದರೆ ಸರಿಯಾಗಿ ಮಾಯುತ್ತಿದೆ. ನಿಮ್ಮ ನಾಲ್ಕು ಇವೆ. ಕನ್ನಡಿಯಲ್ಲಿ ನೋಡಿದರೆ ದೊಡ್ಡಮ್ಮನ ಮುಖ ಕಾಣುತ್ತದೆ.

ಲೋಕನಾಥ ರೈಗಳಿಗೆ ಫೆಬ್ರವರಿಯಲ್ಲಿಯೇ ಬರೆದೆ. ಇರುವುದನ್ನು ಇದ್ದ ಹಾಗೆ ಬರೆದು, ಇದರ ಮೇಲೆ ನಿಮ್ಮ ಮನಸ್ಸು ಹೇಗೋ ಹಾಗೆ ಎಂದು ಮುಗಿಸಿದೆ. ಉತ್ತರ ಇಲ್ಲ. ಗುಣವತಿಯ ಮನೆಗೆ ಬಂದು ಹಲ್ವ ಮುಟ್ಟದೆ ಹೋಗಿದ್ದಾರೆ. ಒಪ್ಪಿದವರು ಹಾಗೆ ಮಾಡುತ್ತಾರೆಯೇ? ಸಂಬಂಧ ಬೇಡ ಎಂದು ಮುಖ ನೋಡಿ ಹೇಳಲು ಕಾಯುತ್ತಿದ್ದಾರೆ ಎಂದು ನನ್ನ ಲೆಕ್ಕ. ಅದನ್ನು ಗುಣವತಿಗೆ ಬರೆಯಲಿಲ್ಲ.

ಹದಿನಾರಕ್ಕೆ ಹೊರಟು ಹತ್ತೊಂಬತ್ತಕ್ಕೆ ಊರು ಮುಟ್ಟುತ್ತೇನೆ. ಮದುವೆ ಇರಲಿ, ಇಲ್ಲದಿರಲಿ, ವಸಡು ತೋರಿಸಲು ಬರುತ್ತೇನೆ.

ಮಹಾಬಲ


ಮನಾಮ
3 ಜೂನ್ 1979

ಎಸ್ತೆರಮ್ಮ,

ಕ್ಲಿನಿಕ್ಕಿನಲ್ಲಿ ನಾಲ್ಕು ಸಲ ಕಂಡೆವು, ನಾಲ್ಕು ಸಲವೂ ಬೆಂಚಿನಲ್ಲಿ ಹತ್ತು ಮಂದಿ ಕೂತಿದ್ದರು. ಇಬ್ಬರಿಗೂ ಹೇಳಲು ಆದದ್ದು ‘ಬಾಯಿ ತೆರೆಯಿರಿ’, ‘ಹತ್ತು ದಿನ ಬಿಟ್ಟು ಬನ್ನಿ’ ಇಷ್ಟೇ. ಮದುವೆಗೆ ಡಾಕ್ಟರರು ಬಂದರು, ಅವರು ಬಂದದ್ದರಿಂದ ಕ್ಲಿನಿಕ್ಕು ನೋಡಿಕೊಳ್ಳಲು ನೀವು ಉಳಿದಿರಿ. ಆದ್ದರಿಂದ ಬರೆಯುತ್ತಿದ್ದೇನೆ. ಸೆಟ್ಟಿಗೆ ಡಿಸೆಂಬರಿನಲ್ಲಿ ಬರುತ್ತೇನೆ, ಇಪ್ಪತ್ತು ದಿನ ರಜೆ ಬರೆದಿಟ್ಟಿದ್ದಾರೆ. ನನ್ನ ಹೆಸರಿಗೆ ದಿನ ಗುರುತು ಮಾಡಿ.

ನಾನು ಊರು ಮುಟ್ಟಿದ ಮರುದಿನ ಬೆಳಿಗ್ಗೆ ಲೋಕನಾಥ ರೈಗಳು ಬಂದರು. ಎದುರು ಬದುರು ಕೂತೆವು. ನಾನು ಬಾಯಿಗೆ ಬೈರಾಸು ಅಡ್ಡ ಹಿಡಿದು, “ನನ್ನ ಕಾಗದ ಸಿಕ್ಕಿತಾ?” ಎಂದೆ. “ಸಿಕ್ಕಿತು,” ಎಂದರು. ಅಂಗಳದಲ್ಲಿ ಚಪ್ಪರಕ್ಕೆ ತಂದ ಅಡಿಕೆ ಕಂಬಗಳು ಬಿದ್ದುಕೊಂಡಿದ್ದವು, ಇಬ್ಬರೂ ಅವನ್ನೇ ನೋಡಿದೆವು. ಗುಣವತಿ ಕಾಫಿ ತಂದಾಗ ಅವರು ಲೋಟ ಮುಟ್ಟದೆ, “ಅಕ್ಕ, ನನಗೆ ಸಕ್ಕರೆ ಹಾಕದ್ದು ಕೊಡಿ,” ಎಂದರು. ಅವಳು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು.

“ಹನ್ನೊಂದು ವರ್ಷ ಆಯ್ತು,” ಎಂದರು. “ಹೆಂಡತಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿಮ್ಮ ಅಣ್ಣ ಆರೋಗ್ಯವಾ ಅಂತ ಇವರ ಹತ್ತಿರ ಕೇಳಿದವ ನಾನು. ನನ್ನ ಆರೋಗ್ಯ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ನಾಲ್ಕು ಸಲ ಉತ್ತರ ಬರೆಯಲಿಕ್ಕೆ ಕೂತೆ ಮಾರಾಯ್ರೆ. ಇಲ್ಲಿಗೂ ಒಂದು ಸಲ ಬಂದೆ. ಅಕ್ಕ ಹಲ್ವ ತರ್ಲಿಕ್ಕೆ ಹೋದದ್ದು ನೋಡಿ ಓಡಿದೆ.”

ಗುಣವತಿ ಎರಡೂ ಲೋಟ ಸಕ್ಕರೆ ಇಲ್ಲದ್ದೇ ತಂದಿಟ್ಟಳು. ಬಾಗಿಲ ಹಿಂದೆ ನಿಂತು ಕೇಳಿರಬೇಕು. “ಕಲ್ಲಿನ ಹಾಗೆ ಇದ್ದಾರೆ ಅಂತ ಹೇಳಿಸಿದ್ಯಲ್ಲ ನನ್ನಿಂದ,” ಎಂದು ನನಗೆ ಮಾತ್ರ ಕೇಳುವಷ್ಟು ಹೇಳಿ ಹೋದಳು. ಆ ದಿನ ಸಂಜೆ ನಾವಿಬ್ಬರೂ ಮಾವಂದಿರು ಹುಡುಗ ಹುಡುಗಿಯನ್ನು ಕೂರಿಸಿ ಎಲ್ಲ ಹೇಳಿದೆವು. ಹುಡುಗ ಆಶಾಳನ್ನು ನೋಡಿದ. ಆಶಾ, “ವರ್ಷಕ್ಕೊಮ್ಮೆ ನಾವಿಬ್ಬರೂ ಪರೀಕ್ಷೆ ಮಾಡಿಸಿದ್ರಾಯ್ತು. ಇಷ್ಟಕ್ಕಾ ಮಾವಂದಿರು ಇಬ್ರೂ ಇಷ್ಟು ದಿನ ಅನ್ನ ಬಿಟ್ಟದ್ದು?” ಎಂದಳು.

ಹತ್ತನೆಯ ತಾರೀಕು ಚಪ್ಪರ ತುಂಬಿತ್ತು. ನಾನು ಎದ್ದು ನಿಂತೆ. ಬಳಿ ಹೇಳಿದೆ, ಮನೆ ಹೇಳಿದೆ, ಗುಣವತಿಯ ಮಗಳು ಎಂದೆ. ಅಲ್ಲಿಯ ತನಕ ಹೇಗೋ ಬಂತು. ಆಶಾಲತಾ ಎನ್ನುವಾಗ ನಡುವೆ ಸಿಳ್ಳೆ ಹೊಡೆದ ಹಾಗಾಯಿತು. ಎದುರು ಕೂತ ಮಕ್ಕಳು ನಕ್ಕರು, ಅವರ ಹಿಂದೆ ದೊಡ್ಡವರೂ ನಕ್ಕರು. ಬೈರಾಸು ಹುಡುಕಿದೆ, ಹೆಗಲಿನಲ್ಲಿ ಇರಲಿಲ್ಲ. ತಲೆ ತಗ್ಗಿಸಿ ಕೂತಿದ್ದ ಆಶಾ ತಲೆಯೆತ್ತಿ, ನಗದೆ, “ಮಾವ, ಹೆಸರು ಸರಿ ಬರ್ಲಿಲ್ಲ. ಇನ್ನೊಮ್ಮೆ ಹೇಳಿ,” ಎಂದಳು.

ಇನ್ನೊಮ್ಮೆ ಹೇಳಿದೆ. ಮೊದಲಿನಿಂದ, ಬಳಿಯಿಂದ ಹಿಡಿದು. ಅವಸರ ಮಾಡಲಿಲ್ಲ, ಒಂದೊಂದು ಅಕ್ಷರಕ್ಕೂ ಉಸಿರು ಕೊಟ್ಟೆ. ಹಿಂದಿನ ಸಾಲಿನಲ್ಲಿದ್ದ ಮುದ್ದು ಎಂಬ ಮುದುಕಿ, ಕಿವಿ ಸ್ವಲ್ಪ ಮಂದ, “ಹಾಂ, ಈಗ ಕೇಳಿತು,” ಎಂದು ಗಟ್ಟಿಯಾಗಿ ಹೇಳಿದಳು.

ಆಗ ನಮ್ಮ ಕಡೆಯ ಹಿರಿಯರೊಬ್ಬರು ತಕರಾರು ತೆಗೆದರು. ಹುಡುಗಿ ಕೊಡುವ ಮಾತು ಒಂದೇ ಸಲ ಹೇಳುವಂಥದ್ದು, ಎರಡು ಸಲ ಹೇಳಿದ ಕ್ರಮ ಎಲ್ಲಿಯೂ ಇಲ್ಲ, ಇದು ಹೇಗೆ ಎಂದು. ಆ ಕಡೆಯಿಂದ ಲೋಕನಾಥ ರೈಗಳು ಎದ್ದು ಮುಂಡು ಸರಿಮಾಡಿಕೊಂಡರು. “ಎರಡು ಸಲ ಕೊಟ್ಟಿದ್ದೀರಿ. ನಾವೂ ಎರಡು ಸಲ ತೆಗೆದುಕೊಳ್ಳುತ್ತೇವೆ,” ಎಂದು ಹೇಳಿ, ಒಪ್ಪಿಕೊಳ್ಳುವ ಮಾತನ್ನು ಪೂರ್ತಿ ಒಮ್ಮೆ ಹೇಳಿದರು. ಉಸಿರು ಎಳೆದುಕೊಂಡು, ನನ್ನ ಮುಖ ನೋಡುತ್ತಾ, ಅದನ್ನೇ ಮತ್ತೊಮ್ಮೆ ಹೇಳಿದರು.

ಮಹಾಬಲ